ಮಗ ‘ಎಲ್ಲಾ ಅಮೆರಿಕಾ ಮಾಡಿದ್ದು’ ಅಂತಾನೆ. ನಿಜವೇ?

ಪ್ರಶ್ನೆ: ನಾನು ದಾವಣಗೆರೆಯವನು, ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ. ಮಗ ಸೌದಿಯ ದಮ್ಮಾಮಿನಲ್ಲಿ ಎಂಜಿನಿಯರ್. ಪ್ರತಿ ಶುಕ್ರವಾರ ಫೋನ್ ಮಾಡುತ್ತಾನೆ. ಇತ್ತೀಚೆಗೆ ನಮ್ಮ ಮಾತು ಜಗಳದಲ್ಲೇ ಮುಗಿಯುತ್ತಿದೆ. ‘ಬಿನ್ ಲಾಡೆನ್‌ನನ್ನು ಸಾಕಿದ್ದು ಸಿಐಎ. ಐಸಿಸ್ ಹುಟ್ಟಿಸಿದ್ದು ಅಮೆರಿಕಾ. ಗಡಿ ಗೀಚಿದ್ದು ಬ್ರಿಟಿಷರು. ಇವರು ಕೈ ಹಾಕದೇ ಇದ್ದಿದ್ದರೆ ಈ ಮುಸ್ಲಿಂ ದೇಶಗಳು ನೆಮ್ಮದಿಯಾಗಿ ಇರುತ್ತಿದ್ದವು’ ಅನ್ನುತ್ತಾನೆ. ಅವನ ಜೊತೆ ಕೆಲಸ ಮಾಡುವ ಸಿರಿಯಾದವರೂ ಹೀಗೇ ಹೇಳುತ್ತಾರಂತೆ. ಬೆಳಿಗ್ಗೆ ವಾಕಿಂಗ್‌ಗೆ ಬರುವ ಗೆಳೆಯರದ್ದು ಇನ್ನೊಂದು ಮಾತು: ‘ಅಲ್ಲಿನ ಮುಸ್ಲಿಮರು ತಮ್ಮತಮ್ಮಲ್ಲೇ 1400 ವರ್ಷದಿಂದ ಹೊಡೆದಾಡುತ್ತಿದ್ದಾರೆ, ಪಾಶ್ಚಾತ್ಯರನ್ನು ಯಾಕೆ ಬೈಯಬೇಕು?’ ಇಬ್ಬರ ಮಾತನ್ನೂ ಒಪ್ಪಲು ನನಗೆ ಆಗುತ್ತಿಲ್ಲ. ಅಮೆರಿಕಾದ ತಪ್ಪು ಹೇಳಿದರೆ ಬಾಂಬ್ ಇಡುವವನನ್ನು ಬಿಟ್ಟುಕೊಟ್ಟ ಹಾಗೆ ಆಗುತ್ತದೆ ಎಂಬ ಅಳುಕೂ ಇದೆ. ನಿಜ ಏನು? ಪಾಶ್ಚಾತ್ಯರು ಈಗ ಏನು ಮಾಡಿದರೆ ಸರಿ? ಇನ್ನೊಂದು, ಮಗ ಇದನ್ನೆಲ್ಲಾ ಫೇಸ್‌ಬುಕ್‌ನಲ್ಲಿ ಬರೆಯಲು ಶುರು ಮಾಡಿದ್ದಾನೆ. ಬರೆಯಬಹುದಾ?

ಉತ್ತರ: ಪಶ್ಚಿಮ ಏಷ್ಯಾದ ರಾಜಕೀಯ ಪಾಠ ಮಾಡುವವನಿಗೆ ನಿಮ್ಮ ಮನೆಯ ಜಗಳ ಹೊಸದಲ್ಲ. ತರಗತಿಯಲ್ಲಿ ಪ್ರತಿ ವರ್ಷವೂ ಇದೇ ಎರಡು ಗುಂಪು ಆಗುತ್ತವೆ. ನಿಮ್ಮ ಅಳುಕಿನಿಂದಲೇ ಶುರು ಮಾಡುತ್ತೇನೆ. ಅದು ಸರಿಹೋಗದಿದ್ದರೆ ಉಳಿದ ಮಾತು ಮುಂದೆ ಹೋಗುವುದಿಲ್ಲ.

ಹೊಣೆ ಅನ್ನುವುದು ಆಸ್ತಿ ಪಾಲು ಮಾಡಿದ ಹಾಗಲ್ಲ. ಅಣ್ಣನಿಗೆ ಜಾಸ್ತಿ ಹೋದರೆ ತಮ್ಮನಿಗೆ ಕಡಿಮೆ ಆಗಲೇಬೇಕು ಎಂಬ ಲೆಕ್ಕ ಇಲ್ಲಿಲ್ಲ. ಬಗ್ದಾದಿನ ಸಂತೆಯಲ್ಲಿ ಬಾಂಬ್ ಇಟ್ಟವನು ಆ ಸಾವುಗಳಿಗೆ ಪೂರ್ತಿ ಹೊಣೆ. ಅವನನ್ನು ತಡೆಯಬಹುದಾಗಿದ್ದ ಸೈನ್ಯವನ್ನು ರದ್ದು ಮಾಡಿ, ಅಧಿಕಾರಿಗಳನ್ನು ಕಚೇರಿಗಳಿಂದ ಒಂದೇ ತಿಂಗಳಲ್ಲಿ ಹೊರಹಾಕಿದವನು ತನ್ನ ಆ ನಿರ್ಧಾರಕ್ಕೆ ಪೂರ್ತಿ ಹೊಣೆ. ಒಬ್ಬನ ಹೆಸರು ಹೇಳಿದರೆ ಇನ್ನೊಬ್ಬ ಪಾರಾಗುವುದಿಲ್ಲ. ಹಾಗಾಗಿ ‘ಯಾರು ಕಾರಣ’ ಎಂದು ಒಟ್ಟಾಗಿ ಕೇಳುವುದಕ್ಕಿಂತ ಒಂದೊಂದು ನಿರ್ಧಾರವನ್ನು ಹಿಡಿದು ಕೇಳೋಣ. ಇದನ್ನು ಯಾರು ಮಾಡಿದರು? ಆಗ ಅವರಿಗೆ ಏನು ಗೊತ್ತಿತ್ತು? ಅಲ್ಲಿನವರು ಅದನ್ನು ಏನಕ್ಕೆ ಬಳಸಿಕೊಂಡರು?

ಮೊದಲು ಬಿನ್ ಲಾಡೆನ್ ವಿಷಯ. ಅವನನ್ನು ಸಿಐಎ ಸಾಕಿತು ಎನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಅಫ್ಘಾನಿಸ್ತಾನಕ್ಕೆ ಹೋದ ಅರಬ್ ಹೋರಾಟಗಾರರಿಗೆ ಅವರದ್ದೇ ದುಡ್ಡಿನ ದಾರಿ ಇತ್ತು. ಬಿನ್ ಲಾಡೆನ್ ಸ್ವತಃ ಶ್ರೀಮಂತ ಮನೆಯವನು, ಕೊಲ್ಲಿ ದೇಶಗಳಿಂದ ಚಂದಾ ಬರುತ್ತಿತ್ತು. ಸೆಪ್ಟೆಂಬರ್ 11ರ ದಾಳಿಯ ಬಗ್ಗೆ ಅಮೆರಿಕಾದ ತನಿಖಾ ಆಯೋಗವೂ ಇದನ್ನೇ ಹೇಳಿತು.

ಇಷ್ಟಕ್ಕೇ ನಿಲ್ಲಿಸಿದರೆ ಮಗನಿಗೆ ಅನ್ಯಾಯ ಮಾಡಿದಂತೆ. ಅವನು ಹೇಳುವ ವಿವರ ತಪ್ಪು, ಆದರೆ ಅದರ ಹಿಂದಿರುವ ದೊಡ್ಡ ಸಂಗತಿ ನಿಜ. 1978ರ ಏಪ್ರಿಲ್‌ನಲ್ಲಿ ಕಾಬೂಲ್‌ನಲ್ಲಿ ಕಮ್ಯುನಿಸ್ಟರು ಅಧಿಕಾರ ಕಸಿದುಕೊಂಡರು. ಹಳ್ಳಿಗಳ ಮೇಲೆ ಬಲವಂತದ ಸುಧಾರಣೆ ಹೇರಿದರು, ಸಾವಿರಾರು ಜನರನ್ನು ಜೈಲಿಗೆ ಹಾಕಿ ಕೊಂದರು. 1979ರ ಮಾರ್ಚಿನಲ್ಲಿ ಹೆರಾತ್ ನಗರ ದಂಗೆ ಎದ್ದಿತು. ಅಂದರೆ ಬೆಂಕಿ ಹೊತ್ತಿದ್ದು ಅಲ್ಲೇ, ಅಲ್ಲಿನ ಕಾರಣಗಳಿಗೇ. ಆ ಜುಲೈನಲ್ಲಿ ಅಮೆರಿಕಾ ಅಧ್ಯಕ್ಷ ಕಾರ್ಟರ್ ಬಂಡಾಯಗಾರರಿಗೆ ಗುಟ್ಟಾಗಿ ಸಣ್ಣ ನೆರವಿಗೆ ಸಹಿ ಹಾಕಿದರು. ಅದರಲ್ಲಿ ಶಸ್ತ್ರ ಇರಲಿಲ್ಲ. ಡಿಸೆಂಬರ್ ಕೊನೆಯಲ್ಲಿ ಸೋವಿಯತ್ ಸೈನ್ಯ ನುಗ್ಗಿತು, ತಮ್ಮದೇ ಕಡೆಯ ಕಮ್ಯುನಿಸ್ಟ್ ಅಧ್ಯಕ್ಷ ಅಮೀನ್‌ನನ್ನು ಅರಮನೆಯಲ್ಲೇ ಕೊಂದಿತು. ಮುಂದಿನ ಹತ್ತು ವರ್ಷದಲ್ಲಿ ಸತ್ತ ಅಫ್ಘನ್ನರ ಸಂಖ್ಯೆ ಹತ್ತು ಲಕ್ಷದ ಹತ್ತಿರ ಎಂಬ ಅಂದಾಜಿದೆ. ಮಗನ ಪಟ್ಟಿಯಲ್ಲಿ ಸೋವಿಯತ್ ಒಕ್ಕೂಟದ ಹೆಸರೇ ಇಲ್ಲ, ಗಮನಿಸಿದಿರಾ? ಇದನ್ನು ಕೇಳಲೇಬೇಕು.

ಅಮೆರಿಕಾ ಎಡವಿದ್ದು ಎಲ್ಲಿ? ದೇಶದ ಮೇಲೆ ದಾಳಿ ಆದಾಗ ಎದ್ದು ನಿಂತವರಿಗೆ ನೆರವು ಕೊಟ್ಟಿದ್ದು ನನ್ನ ಪ್ರಕಾರ ತಪ್ಪಲ್ಲ. ಯಾರ ಕೈಯಿಂದ, ಯಾರಿಗೆ ಕೊಟ್ಟರು ಎನ್ನುವುದು ತಪ್ಪು. ಆ ದಶಕದಲ್ಲಿ ಅಮೆರಿಕಾ ಸುಮಾರು 300 ಕೋಟಿ ಡಾಲರ್ ಕೊಟ್ಟಿತು. ಸೌದಿ ಅರೇಬಿಯಾ ಡಾಲರಿಗೆ ಡಾಲರ್ ಸೇರಿಸಿತು. ಹಂಚುವ ಕೆಲಸವನ್ನು ಬಹುತೇಕ ಪಾಕಿಸ್ತಾನದ ಗುಪ್ತಚರ ಸಂಸ್ಥೆ ಐಎಸ್‌ಐಗೆ ಬಿಟ್ಟರು. ಆಗ ಅಲ್ಲಿ ಜನರಲ್ ಜಿಯಾ ಉಲ್ ಹಕ್ ಆಡಳಿತ. ಅಫ್ಘನ್ ರಾಷ್ಟ್ರೀಯವಾದಿಗಳು ಬಲವಾದರೆ ಪಖ್ತೂನರು ಇರುವ ಪಾಕ್-ಅಫ್ಘನ್ ಗಡಿಯ ಹಳೇ ತಕರಾರು ಮತ್ತೆ ಏಳುತ್ತದೆ ಎಂಬ ಹೆದರಿಕೆ ಅವರಿಗೆ. ಹಾಗಾಗಿ ಪಾಕಿಸ್ತಾನದ ಪೇಶಾವರದಲ್ಲಿ ಕೂತಿದ್ದ ಏಳು ಅಫ್ಘನ್ ಬಂಡಾಯ ಪಕ್ಷಗಳಲ್ಲಿ ಕಟ್ಟಾ ಮತೀಯ ನಾಯಕ ಗುಲ್ಬುದ್ದೀನ್ ಹೆಕ್ಮತ್ಯಾರ್‌ಗೆ ದೊಡ್ಡ ಪಾಲು ಹೋಯಿತು. ವಾಷಿಂಗ್ಟನ್ನಿಗೆ ಇದು ಗೊತ್ತಿತ್ತು. ಸೋವಿಯತ್ ಸೈನಿಕರನ್ನು ಕೊಲ್ಲುವವನು ಯಾರಾದರೇನು ಅಂದುಕೊಂಡು ಕಣ್ಣು ಮುಚ್ಚಿತು. ಅಫ್ಘನ್ ನಿರಾಶ್ರಿತ ಮಕ್ಕಳಿಗಾಗಿ ಅಮೆರಿಕಾದ ದುಡ್ಡಿನಲ್ಲಿ, ನೆಬ್ರಾಸ್ಕಾದ ವಿಶ್ವವಿದ್ಯಾಲಯವೊಂದು ಪಠ್ಯಪುಸ್ತಕ ತಯಾರಿಸಿಕೊಟ್ಟಿತು. ಎಣಿಕೆ ಕಲಿಸಲು ಅವುಗಳಲ್ಲಿ ಗುಂಡು, ಬಂದೂಕಿನ ಚಿತ್ರ ಇತ್ತು. ಆರು ವರ್ಷದ ಮಗುವಿನ ಕೈಗೆ ಅದನ್ನು ಕೊಟ್ಟವರು ‘ನಮಗೆ ಗೊತ್ತಿರಲಿಲ್ಲ’ ಅನ್ನುವಂತಿಲ್ಲ. ಇದನ್ನು ಪಾಠ ಮಾಡುವಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ.

1989ರ ಫೆಬ್ರವರಿಯಲ್ಲಿ ಸೋವಿಯತ್ ಸೈನ್ಯ ವಾಪಸಾಯಿತು. 1992ರ ಹೊತ್ತಿಗೆ ಎರಡೂ ದೊಡ್ಡ ದೇಶಗಳು ಕೈ ಬಿಟ್ಟವು. ಏಪ್ರಿಲ್‌ನಲ್ಲಿ ಸೋವಿಯತ್ ಬೆಂಬಲದಿಂದ ನಿಂತಿದ್ದ ಕಾಬೂಲಿನ ನಜೀಬುಲ್ಲಾ ಸರ್ಕಾರ ಬಿತ್ತು. ಆಮೇಲೆ ಕಾಬೂಲನ್ನು ರಾಕೆಟ್‌ಗಳಿಂದ ಪುಡಿ ಮಾಡಿದವರು ಅಮೆರಿಕನ್ನರೂ ಅಲ್ಲ, ರಷ್ಯನ್ನರೂ ಅಲ್ಲ. ಅಧಿಕಾರ ಹಂಚಿಕೊಳ್ಳಲಾಗದ ಮುಜಾಹಿದೀನ್, ಅಂದರೆ ಸೋವಿಯತ್ ವಿರುದ್ಧ ಹೋರಾಡಿದ ಬಂಡಾಯಗಾರರ ನಾಯಕರು. ಹೆಕ್ಮತ್ಯಾರ್‌ಗೆ ಪ್ರಧಾನಿ ಪಟ್ಟ ಕೊಟ್ಟರೂ ಅವನು ತನ್ನದೇ ರಾಜಧಾನಿಯ ಮೇಲೆ ರಾಕೆಟ್ ಬಿಡುವುದನ್ನು ನಿಲ್ಲಿಸಲಿಲ್ಲ. ಈ ಲೂಟಿ, ಅತ್ಯಾಚಾರದಿಂದ ಬೇಸತ್ತ ಕಂದಹಾರ್‌ನಲ್ಲಿ 1994ರಲ್ಲಿ ತಾಲಿಬಾನ್ ತಲೆ ಎತ್ತಿತು. ಎರಡು ವರ್ಷದಲ್ಲಿ ಕಾಬೂಲ್ ಅವರ ಕೈಗೆ ಹೋಯಿತು. ಬೆನ್ನಿಗೆ ಪಾಕಿಸ್ತಾನ ಇತ್ತು.

ನೋಡಿ, ಇಲ್ಲಿ ಎಷ್ಟು ಕೈಗಳಿವೆ. ಕಾಬೂಲಿನ ಕಮ್ಯುನಿಸ್ಟರು, ಮಾಸ್ಕೋ, ವಾಷಿಂಗ್ಟನ್, ರಿಯಾದ್, ಇಸ್ಲಾಮಾಬಾದ್, ಕೊನೆಗೆ ಅಫ್ಘನ್ ಸರದಾರರು. ಒಬ್ಬರ ಹೆಸರನ್ನು ಅಳಿಸಿದರೂ ಕಥೆ ಸುಳ್ಳಾಗುತ್ತದೆ.

ಇನ್ನು ಐಸಿಸ್. ಪಾಶ್ಚಾತ್ಯರ ಹೊಣೆ ಅತಿ ಹೆಚ್ಚು ಇರುವುದು ಇರಾಕಿನಲ್ಲಿ ಎಂದು ನಾನು ನಂಬುತ್ತೇನೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಸದ್ದಾಂ ಹುಸೇನ್ ಕೆಟ್ಟ ಸರ್ವಾಧಿಕಾರಿ, ಅದರಲ್ಲಿ ಎರಡು ಮಾತಿಲ್ಲ. 1988ರ ಮಾರ್ಚಿನಲ್ಲಿ ಹಲಬ್ಜಾ ಊರಿನ ಕುರ್ದ್ ಜನರ ಮೇಲೆ ವಿಷಾನಿಲ ಬಿಟ್ಟ. ಸುಮಾರು 5,000 ಜನ ಸತ್ತರು. ಆಗ ಅಮೆರಿಕಾ ಅವನನ್ನು ಇರಾನಿನ ವಿರುದ್ಧ ಬಳಸಿಕೊಳ್ಳುತ್ತಿತ್ತು, ದೊಡ್ಡದಾಗಿ ಬಾಯಿ ಬಿಡಲಿಲ್ಲ. 1991ರಲ್ಲಿ ಕುವೈತ್ ಯುದ್ಧ ಮುಗಿಯುವ ಹೊತ್ತಿಗೆ ‘ಸದ್ದಾಂನನ್ನು ಇಳಿಸಿ’ ಎಂದು ಇರಾಕಿಗಳಿಗೆ ಕರೆ ಕೊಟ್ಟಿತು. ದಕ್ಷಿಣದ ಶಿಯಾಗಳು (ಇಸ್ಲಾಮಿನ ಎರಡು ದೊಡ್ಡ ಪಂಗಡಗಳಲ್ಲಿ ಒಂದು, ಇನ್ನೊಂದು ಸುನ್ನಿ), ಉತ್ತರದ ಕುರ್ದರು ನಂಬಿ ಎದ್ದರು. ಸದ್ದಾಂ ಹೆಲಿಕಾಪ್ಟರ್ ಬಿಟ್ಟು ಶಿಯಾಗಳನ್ನು ಕೊಲ್ಲಿಸುವಾಗ ಕರೆ ಕೊಟ್ಟವರು ಸುಮ್ಮನೆ ನೋಡಿದರು. ಇರಾಕಿನ ಶಿಯಾಗಳಲ್ಲಿ ಅಮೆರಿಕಾದ ಬಗ್ಗೆ ಇರುವ ಅಪನಂಬಿಕೆಗೆ ಇದು ದೊಡ್ಡ ಕಾರಣ.

ಆಮೇಲೆ ಹನ್ನೆರಡು ವರ್ಷ ಆರ್ಥಿಕ ನಿರ್ಬಂಧ. ಇದರಿಂದ ಐದು ಲಕ್ಷ ಮಕ್ಕಳು ಸತ್ತರು ಎಂಬ ಅಂಕಿಯನ್ನು ನಿಮ್ಮ ಮಗನೂ ಹೇಳಬಹುದು. ಆ ಅಂಕಿ ಈಗ ನಿಲ್ಲುವುದಿಲ್ಲ. ಅದಕ್ಕೆ ಆಧಾರವಾಗಿದ್ದ ಸಮೀಕ್ಷೆಯನ್ನು ಸದ್ದಾಂ ಸರ್ಕಾರ ತಿರುಚಿತ್ತು ಎಂದು ಆಮೇಲಿನ ಸಮೀಕ್ಷೆಗಳನ್ನು ಹೋಲಿಸಿ ನೋಡಿದ ಸಂಶೋಧಕರು ತೋರಿಸಿದ್ದಾರೆ. ಆದರೆ ನಿರ್ಬಂಧ ಇರಾಕಿನ ಮಧ್ಯಮ ವರ್ಗದ ಸೊಂಟ ಮುರಿದಿದ್ದು ನಿಜ. ಮೇಷ್ಟ್ರು, ಡಾಕ್ಟರುಗಳ ಸಂಬಳ ಏನಕ್ಕೂ ಸಾಲದಾಯಿತು. ಓದಿದವರು ದೇಶ ಬಿಟ್ಟರು. ಸದ್ದಾಂ ಮಾತ್ರ ಕುರ್ಚಿಯಲ್ಲೇ ಇದ್ದ. 1993ರಲ್ಲಿ ಅವನೇ ‘ಶ್ರದ್ಧೆಯ ಅಭಿಯಾನ’ ಎಂದು ಹೇಳಿ ಮಸೀದಿ, ಮತೀಯ ಶಿಕ್ಷಣಕ್ಕೆ ಸರ್ಕಾರದ ಬಲ ಕೊಟ್ಟ. ಸದ್ದಾಂನ ಜಾತ್ಯತೀತ ಬಾತ್ ಪಕ್ಷದ ದೇಶ ಅಂತ ನಾವು ಅಂದುಕೊಂಡಿದ್ದ ಇರಾಕು 2003ಕ್ಕೂ ಮೊದಲೇ ಬದಲಾಗುತ್ತಿತ್ತು.

2003ರ ಮಾರ್ಚ್ 20ರಂದು ಇರಾಕಿನ ಮೇಲೆ ಅಮೆರಿಕಾ, ಬ್ರಿಟನ್ ದಾಳಿ ಶುರುವಾಯಿತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಒಪ್ಪಿಗೆ ಇರಲಿಲ್ಲ. ಸಾಮೂಹಿಕ ವಿನಾಶದ ಅಸ್ತ್ರ ಇದೆ ಎಂದು ಹೇಳಿದ್ದರು, ಅದೂ ಸಿಗಲಿಲ್ಲ. ಶಾಂತಿಯ ದಾರಿಗಳೆಲ್ಲಾ ಮುಗಿಯುವ ಮುಂಚೆಯೇ ಯುದ್ಧಕ್ಕೆ ಇಳಿದೆವು ಎಂದು ಬ್ರಿಟನ್ನಿನದ್ದೇ ಚಿಲ್ಕಾಟ್ ವಿಚಾರಣೆ 2016ರಲ್ಲಿ ಹೇಳಿತು. ಆದರೆ ನನ್ನ ದೃಷ್ಟಿಯಲ್ಲಿ ದಾಳಿಗಿಂತ ಹೆಚ್ಚು ಕೆಡುಕಾದದ್ದು ಮೇ ತಿಂಗಳಲ್ಲಿ. ಅಮೆರಿಕಾ ಕಳಿಸಿದ ಆಡಳಿತಾಧಿಕಾರಿ ಪಾಲ್ ಬ್ರೆಮರ್ ಎರಡು ಆದೇಶ ಹೊರಡಿಸಿದರು. ಒಂದು, ಬಾತ್ ಪಕ್ಷದ ಮೇಲಿನ ಸ್ತರದವರೆಲ್ಲಾ ಸರ್ಕಾರಿ ಕೆಲಸದಿಂದ ಹೊರಗೆ. ಕೆಲಸದಲ್ಲಿ ಮೇಲೇರಬೇಕಿದ್ದರೆ ಶಾಲಾ ಶಿಕ್ಷಕನೂ ಆ ಪಕ್ಷದ ಸದಸ್ಯನಾಗಬೇಕಿದ್ದ ದೇಶ ಅದು. ಎರಡನೆಯದು, ಇಡೀ ಸೈನ್ಯ ರದ್ದು. ಸುಮಾರು ನಾಲ್ಕು ಲಕ್ಷ ಜನ ಕೆಲಸ, ಮಾನ ಎರಡನ್ನೂ ಕಳೆದುಕೊಂಡು ಮನೆಗೆ ಹೋದರು. ಅವರಿಗೆ ಆಯುಧ ಬಳಸಲು ಗೊತ್ತು, ಉಗ್ರಾಣಗಳು ಎಲ್ಲಿವೆ ಎನ್ನುವುದೂ ಗೊತ್ತು. ಈ ಉಗ್ರಾಣಗಳಿಗೆ ಕಾವಲು ಇರಲಿಲ್ಲ.

ಆ ಖಾಲಿ ಜಾಗಕ್ಕೆ ಬಂದವನು ಜೋರ್ಡಾನಿನ ಅಬು ಮುಸಾಬ್ ಅಲ್ ಜರ್ಕಾವಿ. ಅವನು ಕಟ್ಟಿದ ಗುಂಪೇ ಮುಂದೆ ಐಸಿಸ್ ಆಯಿತು. ಅವನನ್ನು ಅಮೆರಿಕಾ ಹುಟ್ಟಿಸಲಿಲ್ಲ. ಅವನು 1990ರ ದಶಕದಲ್ಲೇ ಜೋರ್ಡಾನಿನ ಜೈಲಿನಲ್ಲಿದ್ದವನು, ಅಫ್ಘಾನಿಸ್ತಾನದಲ್ಲಿ ಶಿಬಿರ ನಡೆಸಿದವನು. 2003ರ ಆಗಸ್ಟ್‌ನಲ್ಲಿ ಅವನ ಗುಂಪು ಬಗ್ದಾದಿನ ವಿಶ್ವಸಂಸ್ಥೆ ಕಚೇರಿಯನ್ನು ಸ್ಫೋಟಿಸಿತು. ಅದೇ ತಿಂಗಳು ನಜಫ್‌ನ ಇಮಾಮ್ ಅಲಿ ಮಸೀದಿಯ ಹೊರಗೆ ಸ್ಫೋಟವಾಗಿ ಶಿಯಾ ನಾಯಕ ಬಾಕಿರ್ ಅಲ್ ಹಕೀಂ ಸತ್ತರು. ಶಿಯಾಗಳ ಮೇಲೆ ದಾಳಿ ಮಾಡಿ, ಅವರು ತಿರುಗಿ ಹೊಡೆಯುವಂತೆ ಮಾಡಬೇಕು, ಆಗ ಸುನ್ನಿಗಳು ಬೇರೆ ದಾರಿ ಇಲ್ಲದೆ ನಮ್ಮ ಹತ್ತಿರ ಬರುತ್ತಾರೆ. 2004ರಲ್ಲಿ ಅಮೆರಿಕನ್ನರ ಕೈಗೆ ಸಿಕ್ಕ ಅವನ ಪತ್ರದಲ್ಲಿದ್ದ ಲೆಕ್ಕಾಚಾರ ಇದು. ಅಂದರೆ ಸುನ್ನಿ-ಶಿಯಾ ಯುದ್ಧ ತಾನಾಗಿ ಉಕ್ಕಿ ಬಂದದ್ದಲ್ಲ. ಕೂತು ಯೋಚಿಸಿ ಹೊತ್ತಿಸಿದ್ದು. 2006ರ ಫೆಬ್ರವರಿಯಲ್ಲಿ ಶಿಯಾಗಳಿಗೆ ಪವಿತ್ರವಾದ, ಸಮರ್ರಾದ ಅಲ್ ಅಸ್ಕರಿ ದರ್ಗಾದ ಗುಮ್ಮಟ ಉರುಳಿಸಿದಾಗ ಆ ಲೆಕ್ಕ ಫಲಿಸಿತು. ಇತ್ತ ಅಬು ಗ್ರೈಬ್ ಜೈಲಿನಲ್ಲಿ ಅಮೆರಿಕನ್ ಸೈನಿಕರು ಕೈದಿಗಳಿಗೆ ಕೊಟ್ಟ ಹಿಂಸೆಯ ಫೋಟೊಗಳು 2004ರಲ್ಲಿ ಹೊರಬಂದವು. ಉಗ್ರರಿಗೆ ಜನ ಸೇರಿಸಲು ಅದಕ್ಕಿಂತ ದೊಡ್ಡ ಸಹಾಯ ಬೇಕಿರಲಿಲ್ಲ. ಮುಂದೆ ಐಸಿಸ್ ಮುಖ್ಯಸ್ಥನಾದ ಅಬು ಬಕರ್ ಅಲ್ ಬಗ್ದಾದಿ ಆ ವರ್ಷ ಕ್ಯಾಂಪ್ ಬುಕ್ಕಾ ಎಂಬ ಅಮೆರಿಕನ್ ಬಂದೀಖಾನೆಯಲ್ಲಿದ್ದ. ಹಳೇ ಸೇನಾಧಿಕಾರಿಗಳು, ಜಿಹಾದಿಗಳು ಅಲ್ಲಿ ಒಂದೇ ಬೇಲಿಯೊಳಗೆ ಇದ್ದರು. ಐಸಿಸ್‌ನ ಯುದ್ಧ ತಂತ್ರ ನೋಡಿಕೊಂಡವರಲ್ಲಿ ಸದ್ದಾಂ ಸೈನ್ಯದ ಅಧಿಕಾರಿಗಳು ಹಲವರು.

ಇಲ್ಲಿಯವರೆಗೆ ಮಗನ ಮಾತಿಗೆ ಬಲ ಇದೆ ಅನ್ನಿಸುತ್ತದೆ, ಅಲ್ವಾ? ಮುಂದಿನ ಭಾಗವನ್ನೂ ಅವನು ಓದಬೇಕು. 2006ರ ಕೊನೆಗೆ ಅನ್ಬರ್ ಪ್ರಾಂತ್ಯದ ಸುನ್ನಿ ಬುಡಕಟ್ಟಿನವರೇ ಜರ್ಕಾವಿ ಕಟ್ಟಿದ ಇರಾಕಿನ ಅಲ್‌ಖೈದಾ ವಿರುದ್ಧ ತಿರುಗಿಬಿದ್ದರು. ‘ಸಹ್ವಾ’ ಎಂದು ಕರೆಸಿಕೊಂಡ ಈ ಪಡೆ ಒಂದು ಲಕ್ಷದಷ್ಟಾಯಿತು. ಅಮೆರಿಕಾ ಸಂಬಳ ಕೊಟ್ಟಿತು. ಉಗ್ರರು ಹೆಚ್ಚುಕಡಿಮೆ ಸೋತೇ ಹೋಗಿದ್ದರು. ಇವರಿಗೆ ಸರ್ಕಾರಿ ಕೆಲಸ ಕೊಡುತ್ತೇವೆ ಎಂದು ಮಾತು ಕೊಟ್ಟ ಶಿಯಾ ಪ್ರಧಾನಿ ನೂರಿ ಅಲ್ ಮಾಲಿಕಿ ಅದನ್ನು ಉಳಿಸಿಕೊಳ್ಳಲಿಲ್ಲ. 2011ರ ಡಿಸೆಂಬರ್ 18ಕ್ಕೆ ಕೊನೆಯ ಅಮೆರಿಕನ್ ಸೈನಿಕ ಗಡಿ ದಾಟಿದ. ಮಾರನೇ ದಿನವೇ ಸುನ್ನಿ ಉಪಾಧ್ಯಕ್ಷರ ಮೇಲೆ ಬಂಧನದ ವಾರಂಟ್ ಹೊರಟಿತು. ಪ್ರತಿಭಟನೆ ಮಾಡಿದ ಸುನ್ನಿಗಳ ಮೇಲೆ 2013ರಲ್ಲಿ ಹವೀಜಾದಲ್ಲಿ ಗುಂಡು ಹಾರಿತು. 2014ರ ಜೂನ್ 10ರಂದು ಮೊಸುಲ್ ಐಸಿಸ್ ಕೈಗೆ ಬಿದ್ದಾಗ ಹತ್ತಾರು ಸಾವಿರ ಸೈನಿಕರು ಕಾಗದದ ಮೇಲೆ ಇದ್ದರು. ಆ ನವೆಂಬರ್‌ನಲ್ಲಿ ಹೊಸ ಪ್ರಧಾನಿ ಅಬಾದಿ ಅವರೇ ಸಂಸತ್ತಿಗೆ ಹೇಳಿದರು: ನಾಲ್ಕು ಡಿವಿಷನ್‌ಗಳಲ್ಲೇ 50,000 ಹುಸಿ ಹೆಸರುಗಳಿಗೆ ಸಂಬಳ ಹೋಗುತ್ತಿತ್ತು. ಈ ದುಡ್ಡು ತಿಂದವರು ಇರಾಕಿಗಳು. ಅದಕ್ಕೆ ಬೆಲೆ ತೆತ್ತವರೂ ಇರಾಕಿಗಳೇ: ಅಲ್ಪಸಂಖ್ಯಾತ ಯಾಜಿದಿ ಪಂಗಡದ ಹೆಣ್ಣುಮಕ್ಕಳು, ಸ್ಪೈಕರ್ ಸೇನಾ ಶಿಬಿರದಿಂದ ಹೊರಟಾಗ ಹಿಡಿದು, ಸಾಲಾಗಿ ನಿಲ್ಲಿಸಿ ಕೊಂದ ಸಾವಿರಕ್ಕೂ ಹೆಚ್ಚು ಶಿಯಾ ಯುವಕರು. ಮೊಸುಲ್‌ನಲ್ಲಿ ಕೂಲಿಗೆ ಹೋಗಿದ್ದ ನಮ್ಮ ದೇಶದ 39 ಜನರನ್ನೂ ಐಸಿಸ್ ಉಗ್ರರೇ ಕೊಂದರು.

ಹಾಗಾಗಿ ನನ್ನ ಉತ್ತರ: ಐಸಿಸ್ ಅನ್ನು ಅಮೆರಿಕಾ ಹುಟ್ಟಿಸಲಿಲ್ಲ. ಆದರೆ 2003ರ ದಾಳಿ, ಆಮೇಲಿನ ಎರಡು ಆದೇಶ ಇಲ್ಲದೆ ಐಸಿಸ್ ಆ ಗಾತ್ರಕ್ಕೆ ಬೆಳೆಯಲು ಸಾಧ್ಯವೇ ಇರಲಿಲ್ಲ. ಎರಡೂ ಒಟ್ಟಿಗೆ ನಿಜ.

ನಿಮ್ಮ ವಾಕಿಂಗ್ ಗೆಳೆಯರ ಮಾತಿಗೆ ಬರುತ್ತೇನೆ. ಸುನ್ನಿ-ಶಿಯಾಗಳದ್ದು ‘1400 ವರ್ಷದ ಜಗಳ’ ಎನ್ನುವುದು ಕೇಳಲು ಸುಲಭ. ಅದು ನಿಜವಾಗಿದ್ದರೆ 1980ರಿಂದ 88ರವರೆಗೆ ನಡೆದ ಯುದ್ಧದಲ್ಲಿ ಇರಾಕಿನ ಶಿಯಾ ಸೈನಿಕರು ಇರಾನಿನ ಶಿಯಾಗಳ ಕಡೆ ಹೋಗಬೇಕಿತ್ತು. ಬಹುಪಾಲು ಜನ ಹೋಗಲಿಲ್ಲ, ತಮ್ಮ ದೇಶಕ್ಕಾಗಿ ಹೋರಾಡಿದರು. ಬಗ್ದಾದಿನಲ್ಲಿ ಸುನ್ನಿ-ಶಿಯಾ ಮದುವೆ ಮಾಮೂಲಾಗಿತ್ತು. ಜಗತ್ತಿನಲ್ಲಿ ಅತಿ ಹೆಚ್ಚು ಮುಸ್ಲಿಮರಿರುವ ಇಂಡೋನೇಷ್ಯಾ 1999ರಿಂದ ಮುಕ್ತ ಚುನಾವಣೆ ನಡೆಸುತ್ತಿದೆ. ಅಲ್ಲಿ ‘ಆಚೆ’ (Aceh) ಎಂಬ ಪ್ರಾಂತ್ಯದ ದಶಕಗಳ ಬಂಡಾಯ 2005ರಲ್ಲಿ ಮಾತುಕತೆಯಿಂದ ಮುಗಿಯಿತು. ಧರ್ಮ ಒಂದೇ, ಫಲಿತಾಂಶ ಬೇರೆ ಬೇರೆ. ಹಾಗಿದ್ದ ಮೇಲೆ ಧರ್ಮದ ಹೆಸರು ಹೇಳಿ ಕೈ ತೊಳೆದುಕೊಳ್ಳಲು ಆಗುವುದಿಲ್ಲ.

ಗೆಳೆಯರು ಇರಾನಿನ ಕಥೆಯನ್ನೂ ತಿಳಿದುಕೊಳ್ಳಲಿ. 1951ರಲ್ಲಿ ಮೊಹಮ್ಮದ್ ಮೊಸಾದ್ದೆಗ್ ಪ್ರಧಾನಿಯಾದರು. ಸಂಸತ್ತನ್ನು ನಂಬಿದವರು, ಮುಲ್ಲಾ ಅಲ್ಲ. ಬ್ರಿಟಿಷ್ ಕಂಪನಿಯ ಕೈಯಲ್ಲಿದ್ದ ತೈಲವನ್ನು ರಾಷ್ಟ್ರೀಕರಣ ಮಾಡಿದರು. 1953ರ ಆಗಸ್ಟ್ 19ರಂದು ಸಿಐಎ ಮತ್ತು ಬ್ರಿಟಿಷ್ ಗುಪ್ತಚರರು ಸೇರಿ ಅವರನ್ನು ಉರುಳಿಸಿದರು. ಇದು ಗಾಳಿಸುದ್ದಿಯಲ್ಲ. 2013ರಲ್ಲಿ ಹೊರಬಂದ ಸಿಐಎ ಕಡತಗಳಲ್ಲೇ ಒಪ್ಪಿಗೆ ಇದೆ. ಇರಾನಿನ ಸೇನಾಧಿಕಾರಿಗಳು, ಬಜಾರಿನ ಪುಂಡರು, ಕೆಲವು ಧರ್ಮಗುರುಗಳೂ ಕೈ ಜೋಡಿಸಿದರು. ಮರುವರ್ಷ ಇರಾನಿನ ತೈಲ ನಡೆಸುವ ಒಕ್ಕೂಟದಲ್ಲಿ ಅಮೆರಿಕನ್ ಕಂಪನಿಗಳಿಗೆ ಶೇ 40 ಪಾಲು ಸಿಕ್ಕಿತು. ಆಮೇಲೆ ಇರಾನಿನ ದೊರೆ ಷಾ ತನ್ನ ಗುಪ್ತ ಪೊಲೀಸ್ ಸವಾಕ್ ಮೂಲಕ ಪಕ್ಷ, ಪತ್ರಿಕೆ, ಸಂಘಗಳ ಬಾಯಿ ಮುಚ್ಚಿಸಿದ. ಪೂರ್ತಿ ಮುಚ್ಚಿಸಲಾಗದ ಒಂದೇ ಜಾಗ ಮಸೀದಿ. 1979ರಲ್ಲಿ ಜನ ಎದ್ದಾಗ ಸಂಘಟನೆ ಉಳಿದಿದ್ದುದು ಅಲ್ಲಿ ಮಾತ್ರ. ಧರ್ಮಗುರು ಖೊಮೇನಿ ಗೆದ್ದದ್ದರ ಹಿಂದೆ ಈ ಕಾರಣ ಬಹಳ ದೊಡ್ಡದು. ಆಮೇಲೆ ಜೊತೆಗಿದ್ದ ಎಡಪಂಥೀಯರನ್ನು, ಉದಾರವಾದಿಗಳನ್ನು ಜೈಲಿಗೆ, ಗಲ್ಲಿಗೆ ಹಾಕಿದ್ದು ಮಾತ್ರ ಅವರದ್ದೇ ನಿರ್ಧಾರ. ಅದಕ್ಕೆ 1953ರ ನೆಪ ನಡೆಯುವುದಿಲ್ಲ.

ವಿಚಾರಧಾರೆಗೆ ಪಾತ್ರವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಸೌದಿ ರಾಜಮನೆತನ ಮತ್ತು ಕಟ್ಟುನಿಟ್ಟಿನ ಇಸ್ಲಾಂ ಬೋಧಿಸುವ ವಹಾಬಿ ಗುರುಗಳ ಒಪ್ಪಂದ ಹದಿನೆಂಟನೇ ಶತಮಾನದ್ದು. ಆಗ ಅಮೆರಿಕಾ ಎಂಬ ದೇಶವೇ ಇರಲಿಲ್ಲ. 1979ರ ನವೆಂಬರ್‌ನಲ್ಲಿ ಸೌದಿಯ ಉಗ್ರರೇ ಮೆಕ್ಕಾದ ಪವಿತ್ರ ಮಸೀದಿಯನ್ನು ಬಂದೂಕು ಹಿಡಿದು ಆಕ್ರಮಿಸಿದರು. ಅದನ್ನು ಬಿಡಿಸಿಕೊಳ್ಳಲು ಎರಡು ವಾರ ಬೇಕಾಯಿತು. ಆಮೇಲೆ ಸೌದಿ ಸರ್ಕಾರ ಕಟ್ಟಾ ಧರ್ಮಗುರುಗಳನ್ನು ಹದ್ದುಬಸ್ತಿನಲ್ಲಿ ಇಡುವ ಬದಲು ಅವರಿಗೆ ಇನ್ನಷ್ಟು ಅಧಿಕಾರ, ಹಣ ಕೊಟ್ಟಿತು. ತೈಲದ ದುಡ್ಡಿನಲ್ಲಿ ಆ ಬೋಧನೆ ಹಲವು ದೇಶ ಮುಟ್ಟಿತು. ಪಾಶ್ಚಾತ್ಯರು ತೈಲ ಸಿಗುತ್ತಿದೆ, ಕಮ್ಯುನಿಸ್ಟರಿಗೆ ತಡೆಯಾಗುತ್ತಿದೆ ಎಂದು ಮಾತಾಡಲಿಲ್ಲ. ಮಗ ಈಗ ಇರುವುದು ಅದೇ ದೇಶದಲ್ಲಿ. ಅಲ್ಲೀಗ ಬಹಳಷ್ಟು ಬದಲಾಗಿದೆ. ಆದರೆ ಅವನ ವಾದದಲ್ಲಿ ರಿಯಾದ್ ಹೆಸರು ಬರದೇ ಇರುವುದು ಸರಿಯಲ್ಲ.

ಗಡಿ ಗೀಚಿದ ಮಾತು ಬೇಗ ಮುಗಿಸುತ್ತೇನೆ. ಬ್ರಿಟನ್-ಫ್ರಾನ್ಸ್ ನಡುವಿನ 1916ರ ಸೈಕ್ಸ್-ಪೀಕೋ ಗುಟ್ಟಿನ ಒಪ್ಪಂದದ ನಕ್ಷೆ ಮತ್ತು ಇವತ್ತಿನ ಗಡಿ ಒಂದೇ ಅಲ್ಲ. ಆ ನಕ್ಷೆಯಲ್ಲಿ ಮೊಸುಲ್ ಫ್ರೆಂಚರ ಭಾಗಕ್ಕಿತ್ತು, ಇರಾಕಿಗೆ ಸೇರಿದ್ದು 1920ರ ದಶಕದಲ್ಲಿ. ಬ್ರಿಟನ್, ಫ್ರಾನ್ಸ್ ಅಲ್ಲಿನವರನ್ನು ಕೇಳದೆ ಹಂಚಿಕೊಂಡದ್ದು ನಿಜ, ಸ್ವತಂತ್ರ ಅರಬ್ ರಾಜ್ಯದ ಮಾತು ಕೊಟ್ಟು ಮುರಿದದ್ದೂ ನಿಜ. ಆಗ ನಡೆದ ಮೊದಲ ಮಹಾಯುದ್ಧದಲ್ಲಿ ನಮ್ಮವರೂ ಇದ್ದರು. 1918ರ ಸೆಪ್ಟೆಂಬರ್ 23ರಂದು ಟರ್ಕಿಯ ಒಟ್ಟೋಮನ್ನರಿಂದ ಹೈಫಾ (ಈಗ ಇಸ್ರೇಲಿನಲ್ಲಿರುವ ಊರು) ಗೆದ್ದುಕೊಟ್ಟವರಲ್ಲಿ ಮೈಸೂರು ಲ್ಯಾನ್ಸರ್ಸ್ ಅಶ್ವದಳ ಸೇರಿದೆ. ಅದರ ಸ್ಮಾರಕ ಬೆಂಗಳೂರಿನಲ್ಲಿದೆ. ಆದರೆ ನೂರು ವರ್ಷದ ಹಿಂದಿನ ಗೆರೆಯೇ ಇವತ್ತಿನ ಬಾಂಬಿಗೆ ಕಾರಣ ಎನ್ನುವುದು ದೂರದ ಮಾತು. ಆಫ್ರಿಕಾದ ಗಡಿಗಳನ್ನೂ ಹೊರಗಿನವರೇ ಎಳೆದರು. ಸೆನೆಗಲ್ ಕೂಡ ಮುಸ್ಲಿಂ ಬಹುಸಂಖ್ಯಾತ ದೇಶವೇ, ಅದು ಒಡೆಯಲಿಲ್ಲ.

ಮಗನಿಗೆ ನೀವು ಕೇಳಬೇಕಾದ ಗಟ್ಟಿ ಪ್ರಶ್ನೆ ಸಿರಿಯಾದ್ದು. ಅವನ ಸಹೋದ್ಯೋಗಿಗಳಿಗೂ ಇದು ಗೊತ್ತಿರುತ್ತದೆ. 2011ರ ಆರಂಭದಲ್ಲಿ ದರಾ ಊರಿನಲ್ಲಿ ಸರ್ಕಾರದ ವಿರುದ್ಧ ಗೋಡೆ ಮೇಲೆ ಬರೆದ ಹುಡುಗರನ್ನು ಹಿಡಿದು ಹಿಂಸಿಸಿದ್ದು ಆಗಿನ ಅಧ್ಯಕ್ಷ ಅಸ್ಸಾದ್ ಪೊಲೀಸರು. ಪ್ರತಿಭಟಿಸಿದವರ ಮೇಲೆ ಗುಂಡು ಹಾರಿಸಿದ್ದೂ ಅವರೇ. ಅದೇ ವರ್ಷ ಸೆದ್ನಾಯಾ ಜೈಲಿನಿಂದ ಜಿಹಾದಿ ಕೈದಿಗಳನ್ನು ಬಿಡುಗಡೆ ಮಾಡಲಾಯಿತು. ಮುಂದೆ ಬೇರೆ ಬೇರೆ ಸಶಸ್ತ್ರ ಗುಂಪುಗಳ ನಾಯಕರಾದವರಲ್ಲಿ ಇವರಿದ್ದರು. ಅಮೆರಿಕಾ ಕೆಲವು ಬಂಡಾಯಗಾರರಿಗೆ ಶಸ್ತ್ರ ಕೊಟ್ಟಿತು. ಕತಾರ್, ಸೌದಿ, ಟರ್ಕಿ ಕೂಡ ಕೊಟ್ಟವು. ಅಸ್ಸಾದ್ ಪರವಾಗಿ ಇರಾನ್ ಹೋರಾಟಗಾರರನ್ನು ಕಳಿಸಿತು, 2015ರಿಂದ ರಷ್ಯಾ ಬಾಂಬ್ ಹಾಕಿತು. ಐದು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಇರಾಕಿನ ಹಾಗೆ ಪಾಶ್ಚಾತ್ಯ ದಾಳಿಯಿಂದ ಶುರುವಾದ ಯುದ್ಧ ಇದಲ್ಲ. ಅಲ್ಜೀರಿಯಾದಲ್ಲಿ 1992ರ ಜನವರಿಯಲ್ಲಿ ಇಸ್ಲಾಂವಾದಿಗಳು ಗೆಲ್ಲುವ ಚುನಾವಣೆಯನ್ನು ಸೈನ್ಯವೇ ರದ್ದು ಮಾಡಿತು. ಹತ್ತು ವರ್ಷ ಕಗ್ಗೊಲೆ ನಡೆಯಿತು. ಟ್ಯುನೀಷ್ಯಾ ಮೇಲೆ ಯಾರೂ ದಾಳಿ ಮಾಡಲಿಲ್ಲ. 2011ರ ನಂತರ ಚುನಾಯಿತ ಸರ್ಕಾರವೂ ಬಂತು. ಆದರೂ ಅಲ್ಲಿಂದ ಸಾವಿರಾರು ಹುಡುಗರು ಉಗ್ರರ ಗುಂಪು ಸೇರಲು ಸಿರಿಯಾಕ್ಕೆ ಹೊರಟರು. ಕೆಲಸ ಇಲ್ಲ, ಪೊಲೀಸರ ದರ್ಪ ಹೋಗಿಲ್ಲ, ಬೋಧಿಸುವವರು ಮಾತ್ರ ಸಿಕ್ಕರು.

ಈ ದೇಶಗಳನ್ನೆಲ್ಲಾ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು. ಒಳಗಿನ ಆಳುವವರು ಕೋರ್ಟು, ಪಕ್ಷ, ಪತ್ರಿಕೆ ಎಲ್ಲವನ್ನೂ ಮುರಿದು ಸರ್ಕಾರವನ್ನು ಟೊಳ್ಳು ಮಾಡಿಟ್ಟಿರುತ್ತಾರೆ. ಹೊರಗಿನವರು ತಮಗೆ ಅನುಕೂಲ ಎಂದು ಅದೇ ಆಳುವವನ ಬೆನ್ನಿಗೆ ನಿಲ್ಲುತ್ತಾರೆ, ಇಲ್ಲವೇ ಒಂದು ದಿನ ಬಂದು ಅವನನ್ನು ಕೆಡವುತ್ತಾರೆ. ಕೆಡವಿದಾಗ ಕೆಳಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಉಗ್ರರು ಮೊದಲೇ ತಯಾರಾಗಿರುತ್ತಾರೆ. ಸಾಯುವವರಲ್ಲಿ ಹೆಚ್ಚಿನವರು ಮುಸ್ಲಿಮರೇ. ಇದನ್ನು ನಮ್ಮಲ್ಲಿ ಜಗಳ ಆಡುವ ಎರಡೂ ಕಡೆಯವರು ಮರೆಯುತ್ತಾರೆ.

ಹಾಗಾದರೆ ಪಾಶ್ಚಾತ್ಯರು ಏನು ಮಾಡಬೇಕು ಎಂದು ಕೇಳಿದ್ದೀರಿ. ಅಪಾಯ ಇಲ್ಲದ ದಾರಿ ಒಂದೂ ಇಲ್ಲ.

ಸೈನ್ಯ ಕಳಿಸುವುದು ಎಲ್ಲಾ ಕಡೆ ತಪ್ಪಾಗಿಲ್ಲ. ಬೋಸ್ನಿಯಾದ ಮುಸ್ಲಿಮರನ್ನು 1995ರಲ್ಲಿ ಉಳಿಸಿದ್ದರಲ್ಲಿ ಪಾಶ್ಚಾತ್ಯರ ಸೇನಾ ಒಕ್ಕೂಟ ನ್ಯಾಟೊದ ವಿಮಾನಗಳ ಪಾಲಿದೆ. ಅವು ಬಂದದ್ದು ತಡವಾಗಿ, ಸ್ರೆಬ್ರೆನಿಕಾದಲ್ಲಿ ಸುಮಾರು 8,000 ಗಂಡಸರು, ಹುಡುಗರನ್ನು ಕೊಂದ ಮೇಲೆ. ಅದೇ ಭರವಸೆಯಲ್ಲಿ 2011ರಲ್ಲಿ ಲಿಬಿಯಾಕ್ಕೆ ಹೋದರು. ಬೆಂಗಾಜಿಯ ಜನರನ್ನು ಕಾಪಾಡಲು ಭದ್ರತಾ ಮಂಡಳಿಯ ಒಪ್ಪಿಗೆಯೂ ಇತ್ತು. ಅದು ಗದ್ದಾಫಿಯನ್ನು ಇಳಿಸುವ ಯುದ್ಧವಾಯಿತು. ಅಕ್ಟೋಬರ್‌ನಲ್ಲಿ ಅವನು ಸತ್ತ. ಮಾರನೇ ದಿನದ ಯೋಜನೆ ಯಾರ ಹತ್ತಿರವೂ ಇರಲಿಲ್ಲ. ಅಲ್ಲಿನ ಶಸ್ತ್ರ ಆಫ್ರಿಕಾದ ಮಾಲಿ ದೇಶಕ್ಕೆ ಹರಿಯಿತು. ಸಿರ್ತ್ ನಗರ ಐಸಿಸ್ ಕೈಗೆ ಹೋಯಿತು. 2015ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ನಾಲ್ವರು ಭಾರತೀಯರ ಅಪಹರಣವಾಯಿತು. ಅವರಲ್ಲಿ ಇಬ್ಬರು ಕರ್ನಾಟಕದವರು. ಅವರಿಬ್ಬರ ಬಿಡುಗಡೆ ಬೇಗ ಆಯಿತು, ಉಳಿದಿಬ್ಬರು ಒಂದು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದರು.

ಪೂರ್ತಿ ದೂರ ಇರುವುದು ಮಗನ ಆಸೆ. ಅದಕ್ಕೂ ಬೆಲೆ ಇದೆ. 1992ರ ನಂತರದ ಕಾಬೂಲ್ ಆ ಬೆಲೆ ತೆತ್ತಿತು. ಪಾಶ್ಚಾತ್ಯರು ಬಿಟ್ಟುಹೋದ ಜಾಗಕ್ಕೆ ರಷ್ಯಾ, ಇರಾನ್, ಟರ್ಕಿ, ಕೊಲ್ಲಿ ದೇಶಗಳು ಬರುತ್ತವೆ. ಅವರ ಬಾಂಬೂ ಬಾಂಬೇ.

ಬಲವಾದ ಸರ್ವಾಧಿಕಾರಿಯನ್ನು ಬೆಂಬಲಿಸಿ ಶಾಂತಿ ಕಾಯ್ದುಕೊಳ್ಳುವುದು ಪಾಶ್ಚಾತ್ಯರಿಗೆ ಅತಿ ಇಷ್ಟದ ದಾರಿ. ಷಾ ವಿಷಯದಲ್ಲಿ ಅದು 26 ವರ್ಷ ನಡೆಯಿತು, ಆಮೇಲೆ ಒಂದೇ ಸಲ ಕುಸಿಯಿತು. ನಾನು ಇದನ್ನು ಅತಿ ಅಪಾಯದ ದಾರಿ ಎನ್ನುತ್ತೇನೆ. ಅದರ ನಷ್ಟ ತಡವಾಗಿ ಕಾಣುತ್ತದೆ, ನಿರ್ಧಾರ ಮಾಡಿದವನು ಆಗ ಅಧಿಕಾರದಲ್ಲಿ ಇರುವುದಿಲ್ಲ. ಇಡೀ ದೇಶಕ್ಕೆ ಹಾಕುವ ಆರ್ಥಿಕ ನಿರ್ಬಂಧದ ಕಥೆ ಇರಾಕಿನಲ್ಲೇ ನೋಡಿದೆವು. ಆಳುವವರ ಹೆಸರಿನ ಖಾತೆ, ಆಸ್ತಿ ಮೇಲೆ ಮಾತ್ರ ಹಾಕಿದರೆ ಪೆಟ್ಟು ಸ್ವಲ್ಪ ಸರಿಯಾದ ಕಡೆ ಬೀಳುತ್ತದೆ. 2021ರಲ್ಲಿ ತಾಲಿಬಾನ್ ಮತ್ತೆ ಬಂದಾಗ ಅಮೆರಿಕಾದಲ್ಲಿದ್ದ ಅಫ್ಘನ್ ಕೇಂದ್ರ ಬ್ಯಾಂಕಿನ ಸುಮಾರು 700 ಕೋಟಿ ಡಾಲರ್ ತಡೆಹಿಡಿದರು. ತಾಲಿಬಾನ್ ಬಗ್ಗಲಿಲ್ಲ, ಹೆಣ್ಣುಮಕ್ಕಳ ಹೈಸ್ಕೂಲು ತೆರೆಯಲಿಲ್ಲ. ಬ್ಯಾಂಕಿನ ಮುಂದೆ ಸಾಲು ನಿಂತವರು ಸಾಮಾನ್ಯ ಜನ. ನೀವು ಬ್ಯಾಂಕಿನಲ್ಲಿದ್ದವರು, ನಗದಿಲ್ಲದ ಬ್ಯಾಂಕು ಒಂದು ಊರಿಗೆ ಏನು ಮಾಡುತ್ತದೆ ಎಂದು ನಾನು ಹೇಳಬೇಕಿಲ್ಲ.

ನಾನು ಒತ್ತಿ ಹೇಳುವುದು ಸಪ್ಪೆ ಅನ್ನಿಸುವ ಕೆಲಸಗಳನ್ನು. ಯಾರಿಗೆ ಶಸ್ತ್ರ ಮಾರುತ್ತೇವೆ ಎಂದು ಸಂಸತ್ತಿನಲ್ಲಿ ಲೆಕ್ಕ ಕೊಡುವುದು. ಸರ್ಕಾರ ಬದಲಾದ ದೇಶದಲ್ಲಿ ಮೇಷ್ಟ್ರು, ಪೊಲೀಸು, ನರ್ಸುಗಳ ಸಂಬಳ ನಿಲ್ಲದಂತೆ ನೋಡಿಕೊಳ್ಳುವುದು. ಮಾತುಕತೆಗೆ ಎಲ್ಲರನ್ನೂ ಕೂರಿಸುವುದು, ಇಂಡೋನೇಷ್ಯಾದ ‘ಆಚೆ’ ಪ್ರಾಂತ್ಯದಲ್ಲಿ ಮಾಡಿದ ಹಾಗೆ. ತಮ್ಮ ಜೊತೆ ಕೆಲಸ ಮಾಡಿದ ದುಭಾಷಿಗಳನ್ನು ನಡುದಾರಿಯಲ್ಲಿ ಬಿಡದೇ ಇರುವುದು. ಇದರಲ್ಲೂ ಅಪಾಯ ಇದೆ. ಸಂಬಳದ ದುಡ್ಡು ಹುಸಿ ಹೆಸರುಗಳಿಗೆ ಹೋಗಬಹುದು, ಮೊಸುಲ್‌ನಲ್ಲಿ ಹೋಯಿತಲ್ಲ. ಮಾತುಕತೆಗೆ ಕರೆದವರಲ್ಲಿ ಕೈಗೆ ರಕ್ತ ಅಂಟಿದವರೂ ಇರುತ್ತಾರೆ, ಅದನ್ನು ಸತ್ತವರ ಮನೆಯವರು ಸಹಿಸಿಕೊಳ್ಳುವುದು ತುಂಬಾ ಕಷ್ಟ. ಆದರೂ ಎಡವಿದರೆ ಇದನ್ನು ತಿದ್ದಿಕೊಳ್ಳಬಹುದು. ರದ್ದು ಮಾಡಿದ ಸೈನ್ಯವನ್ನು ಮತ್ತೆ ಕಟ್ಟಲು ಇರಾಕಿಗೆ ಎಷ್ಟು ವರ್ಷ ಹಿಡಿಯಿತು ನೋಡಿ.

ಮುಂದಿನ ಶುಕ್ರವಾರ ಮಗನ ಜೊತೆ ಮಾತಾಡುವಾಗ ಮೊದಲು ಅವನು ಹೇಳಿದ್ದರಲ್ಲಿ ನಿಜ ಇರುವುದನ್ನು ಒಪ್ಪಿಕೊಳ್ಳಿ: 1953, 2003ರ ಮೇ, ಆ ಪಠ್ಯಪುಸ್ತಕಗಳು. ಆಮೇಲೆ ದರಾ ಹುಡುಗರ ಬಗ್ಗೆ ಕೇಳಿ. ಅವನ ಸಿರಿಯನ್ ಸಹೋದ್ಯೋಗಿಗಳಿಗೂ ಒಬ್ಬೊಬ್ಬರದ್ದು ಒಂದೊಂದು ಅನುಭವ ಇರುತ್ತದೆ. ವಾದ ಗೆಲ್ಲಲು ಹೋಗದೆ ಅದನ್ನು ಕೇಳಿಸಿಕೊಳ್ಳಲು ಹೇಳಿ.

ಫೇಸ್‌ಬುಕ್ ವಿಷಯದಲ್ಲಿ ಮಾತ್ರ ನನ್ನ ಸಲಹೆ ನೇರ: ಅಲ್ಲಿರುವವರೆಗೆ ಬೇಡ. ಸೌದಿಯ 2007ರ ಸೈಬರ್ ಅಪರಾಧ ಕಾನೂನಿನಲ್ಲಿ ಸಾರ್ವಜನಿಕ ಶಿಸ್ತು, ಧಾರ್ಮಿಕ ಮೌಲ್ಯಕ್ಕೆ ಧಕ್ಕೆ ತರುವ ಬರಹಕ್ಕೆ ಐದು ವರ್ಷದವರೆಗೆ ಜೈಲು, 30 ಲಕ್ಷ ರಿಯಾಲ್‌ವರೆಗೆ ದಂಡ ಇದೆ. ಯಾವುದು ಧಕ್ಕೆ ಎಂದು ತೀರ್ಮಾನಿಸುವವರು ಅವರು. ಅಮೆರಿಕಾವನ್ನು ಬೈದು ಬರೆದ ಪೋಸ್ಟಿನಲ್ಲಿ ಸೌದಿ ದೊರೆಗಳ ಮಾತು ಒಂದು ಸಾಲು ಬಂದರೂ ಸಾಕು. ನಮ್ಮ ರಾಜ್ಯದವರೂ ಫೇಸ್‌ಬುಕ್ ಪೋಸ್ಟಿನ ಆರೋಪದ ಮೇಲೆ ಅಲ್ಲಿ ಜೈಲು ಕಂಡಿದ್ದಾರೆ. ಈಗಾಗಲೇ ಬರೆದಿರುವುದನ್ನು ಅಳಿಸಲು ಹೇಳಿ. ಬೇರೆಯವರ ಪೋಸ್ಟ್ ಹಂಚಿಕೊಂಡಿದ್ದರೆ ಅದನ್ನೂ ತೆಗೆಯಲಿ. ಪಾಸ್‌ವರ್ಡ್ ಬದಲಿಸಿ, ತನ್ನ ಹೆಸರು, ಫೋಟೊ ಬಳಸಿ ಬೇರೆ ಯಾರಾದರೂ ಖಾತೆ ತೆರೆದಿದ್ದಾರಾ ಎಂದು ಒಮ್ಮೆ ಹುಡುಕಿ ನೋಡಲಿ. ವಾದ ಮಾಡುವುದಿದ್ದರೆ ರಜೆಗೆ ದಾವಣಗೆರೆಗೆ ಬಂದಾಗ ನಿಮ್ಮ ಜೊತೆ ಕೂತು ಮಾಡಲಿ.